ಮನೆ ನೋಡುವ ಮೊದಲು ನೀರು ನೋಡಿ, ಬೀದಿ ನೋಡಿ

ಬೆಂಗಳೂರಿನ ಹೊರವಲಯದಲ್ಲಿ ಮನೆ ಹುಡುಕುವವರು ಹೆಚ್ಚಾಗಿ ಹೋಗುವುದು ಭಾನುವಾರ ಬೆಳಿಗ್ಗೆ. ಅಂದು ಟ್ರಾಫಿಕ್ ಇರುವುದಿಲ್ಲ, ಬಿಸಿಲು ಹಿತವಾಗಿರುತ್ತದೆ, ಬ್ರೋಕರ್ ಬೀಗದ ಕೈ ಹಿಡಿದು ಕಾಯುತ್ತಿರುತ್ತಾರೆ. ಅಡುಗೆಮನೆಯ ಕಪಾಟು, ಬಾಲ್ಕನಿ, ಪೂರ್ವದ ಬಾಗಿಲು, ಕಾರು ನಿಲ್ಲಿಸುವ ಜಾಗ ಎಲ್ಲವನ್ನೂ ಅರ್ಧ ಗಂಟೆಯಲ್ಲಿ ನೋಡಿ ಮುಗಿಸುತ್ತಾರೆ. ಮನೆ ಒಪ್ಪಿಗೆಯಾಗುತ್ತದೆ, ಬಡಾವಣೆಯನ್ನು ಮಾತ್ರ ಯಾರೂ ನೋಡಿರುವುದಿಲ್ಲ. ಮನೆಯೊಳಗಿನ ಕೊರತೆಯನ್ನು ದುಡ್ಡು ಖರ್ಚು ಮಾಡಿ ಸರಿಮಾಡಿಕೊಳ್ಳಬಹುದು. ಗೇಟಿನಾಚೆಯ ಕೊರತೆಯನ್ನು ಒಬ್ಬರೇ ಸರಿಮಾಡಲು ಆಗುವುದಿಲ್ಲ. ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲು ಆ ಜಾಗದ ನೀರನ್ನೂ ಬೀದಿಯನ್ನೂ ತಿಳಿದುಕೊಳ್ಳಲೇಬೇಕು.

ಮೊದಲು ನೀರು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರಚನೆಯಾದಾಗ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆಯ ಜೊತೆಗೆ 110 ಹಳ್ಳಿಗಳು ನಗರದೊಳಕ್ಕೆ ಸೇರಿದವು. ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ ಅದು. ನಡುವಿನ ಹದಿನೇಳು ವರ್ಷ ಅಲ್ಲಿನ ಸಂಸಾರಗಳು ಬೋರ್‌ವೆಲ್ಲನ್ನೂ ಟ್ಯಾಂಕರನ್ನೂ ನಂಬಿಕೊಂಡು ಬದುಕಿದವು. ಅದೇ 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಸಾಲುಸಾಲಾಗಿ ಬತ್ತಿದವು. ಟ್ಯಾಂಕರ್‌ನವರು ಕೇಳಿದಷ್ಟು ಕೊಡುವ ಪರಿಸ್ಥಿತಿ ಬಂದು, ಕೊನೆಗೆ ಜಿಲ್ಲಾಡಳಿತವೇ ದರ ಗೊತ್ತುಮಾಡಬೇಕಾಯಿತು. 5 ಕಿ.ಮೀ. ಒಳಗೆ 12 ಸಾವಿರ ಲೀಟರಿಗೆ 1,000 ರೂಪಾಯಿ ಎಂದಾಯಿತು.

ಈಗ ಎಲ್ಲ ಜಾಹೀರಾತಿನಲ್ಲೂ ‘ಕಾವೇರಿ ಇದೆ’ ಎಂದಿರುತ್ತದೆ. ರಸ್ತೆಯಲ್ಲಿ ಪೈಪು ಹೋಗಿರುವುದು ಬೇರೆ, ಮನೆಯ ಸಂಪಿಗೆ ನೀರು ಬೀಳುವುದು ಬೇರೆ. ಜಲಮಂಡಳಿಯ ಬಿಲ್ ತೋರಿಸಿ ಎಂದು ಕೇಳಿ, ಅದರಲ್ಲೂ ಏಪ್ರಿಲ್ ತಿಂಗಳದ್ದನ್ನು. ಎಷ್ಟು ಸಾವಿರ ಲೀಟರ್ ಬಂದಿದೆ ಎಂಬುದು ಅದರಲ್ಲೇ ಇರುತ್ತದೆ. ಅಪಾರ್ಟ್‌ಮೆಂಟ್ ಆದರೆ ಸಂಘದ ಖರ್ಚಿನ ಪಟ್ಟಿಯಲ್ಲಿ ಟ್ಯಾಂಕರಿಗೆ ಹೋದ ಹಣ ಎಷ್ಟೆಂದು ನೋಡಿ. ಬೋರ್ ನೀರಿನ ಗುಣ ತಿಳಿಯಲು ಬಚ್ಚಲಿಗೆ ಹೋಗಿ ನಲ್ಲಿಯ ಬುಡ ನೋಡಿದರೆ ಸಾಕು. ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟಿದ್ದರೆ ಗೀಸರಿನ ಕಾಯಿಲ್ ವರ್ಷಕ್ಕೊಮ್ಮೆ ಕೈಕೊಡುತ್ತದೆ, ಬೇಳೆಯೂ ಬೇಗ ಬೇಯುವುದಿಲ್ಲ. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದ ಕಡೆ 2,000ದವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಒಂದು ಬಾಟಲಿ ನೀರನ್ನು ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸುವ ಖರ್ಚು ಮನೆ ಬದಲಿಸುವ ಲಾರಿ ಬಾಡಿಗೆಯ ಮುಂದೆ ಏನೂ ಅಲ್ಲ.

ಇನ್ನೂ ಚೆನ್ನಾಗಿ ಹೇಳಬಲ್ಲವರು ಟ್ಯಾಂಕರ್ ಓಡಿಸುವವರು. ಮಾರ್ಚ್ ಬಂತೆಂದರೆ ಯಾವ ಲೇಔಟಿನಿಂದ ಮೊದಲು ಫೋನ್ ಬರುತ್ತದೆ, ಯಾವ ಬೀದಿಯಲ್ಲಿ ಗಾಡಿ ತಿರುಗಿಸಲೂ ಜಾಗವಿಲ್ಲ ಎಂಬುದು ಅವರಿಗೆ ಬಾಯಿಪಾಠ. ಗಾಡಿಯ ಪಕ್ಕ ನಿಂತು ಎರಡು ಮಾತಾಡಿದರೆ, ಬ್ರೋಕರ್ ಮುಚ್ಚಿಟ್ಟದ್ದೆಲ್ಲ ಹೊರಬರುತ್ತದೆ.

ನೀರು ಬರುವುದು ಎಲ್ಲಿಂದ ಎಂಬುದರಷ್ಟೇ ದೊಡ್ಡ ಪ್ರಶ್ನೆ, ಹೋಗುವುದು ಎಲ್ಲಿಗೆ ಎಂಬುದು. ಬೆಂಗಳೂರು ದಿಬ್ಬದ ಮೇಲಿನ ಊರು. ಬಿದ್ದ ಮಳೆ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಕಣಿವೆಗಳಿಗೆ ಹಂಚಿಹೋಗಿ, ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ ಇಳಿಯುತ್ತಿತ್ತು. ಆ ದಾರಿಗಳೇ ರಾಜಕಾಲುವೆಗಳು. ಅವುಗಳ ಮೇಲೆ, ಪಕ್ಕದಲ್ಲಿ ಮನೆಗಳೆದ್ದವು. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯ ಕೋಟಿ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿದವು. ಕೇಂದ್ರೀಯ ವಿಹಾರಕ್ಕಾಗಲಿ ಸಾಯಿ ಲೇಔಟಿಗಾಗಲಿ ಅದು ಮೊದಲ ಸಲವಾಗಿರಲಿಲ್ಲ.

ಇದನ್ನು ಮೊದಲೇ ತಿಳಿಯಲು ದಾರಿಗಳಿವೆ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪನ್ನು ಮನೆಯ ಮುಂದೆ ನಿಂತು ತೆರೆದರೆ ಆ ಜಾಗದ ಸರ್ವೆ ನಂಬರ್ ಬರುತ್ತದೆ, ಹಳೆಯ ನಕ್ಷೆಯಲ್ಲಿ ಕೆರೆ, ಕಾಲುವೆ ಎಲ್ಲಿದ್ದವು ಎಂಬುದೂ ಕಾಣುತ್ತದೆ. ಕೆರೆ, ಕಾಲುವೆಗಳ ಪಕ್ಕ ಏನೂ ಕಟ್ಟದೆ ಬಿಡಬೇಕಾದ ಮೀಸಲು ಅಂತರವನ್ನು ಹಸಿರು ನ್ಯಾಯಮಂಡಳಿ ಹೆಚ್ಚಿಸಿತ್ತು. ಅದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದುಮಾಡಿದ ಮೇಲೆ ಮಾಸ್ಟರ್ ಪ್ಲಾನ್‌ನ ಹಳೆಯ ಲೆಕ್ಕವೇ ಉಳಿಯಿತು. ಅದರ ಪ್ರಕಾರ ಕೆರೆಯಿಂದ 30 ಮೀಟರ್, ಪ್ರಾಥಮಿಕ ಕಾಲುವೆಯಿಂದ 50, ದ್ವಿತೀಯದಿಂದ 25, ತೃತೀಯದಿಂದ 15 ಮೀಟರ್ ಬಿಡಬೇಕು. ಆದರೆ ನಾನು ಹೆಚ್ಚು ನಂಬುವುದು ಕಾಲ್ನಡಿಗೆಯನ್ನು. ಹಳೆಯ ಊರು ಎಲ್ಲಿ ಕೂತಿದೆ ನೋಡಿ. ಗುಡಿ, ಅರಳಿಕಟ್ಟೆ, ಹೆಂಚಿನ ಮನೆಗಳು ಇರುವುದು ಏರಿನ ಮೇಲೆ. ಕೆರೆ ಏರಿಯ ಕೆಳಗೆ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಿದ್ದರೇ ಹೊರತು ಯಾರೂ ಮನೆ ಕಟ್ಟುತ್ತಿರಲಿಲ್ಲ. ಅರಳಿಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರನ್ನು, ‘ಯಜಮಾನ್ರೇ, ಈ ಲೇಔಟ್ ಆಗೋಕ್ಕೆ ಮುಂಚೆ ಇಲ್ಲೇನಿತ್ತು?’ ಎಂದು ಕೇಳಿ. ‘ಗದ್ದೆ ಬಯಲು’ ಎಂದರೆ ಅಲ್ಲಿ ನೆಲಮಹಡಿಯ ಮನೆ ಬೇಡ.

ಕಾಂಪೌಂಡ್ ಗೋಡೆಗಳನ್ನೂ ಗಮನಿಸಿ. ನೀರು ನುಗ್ಗಿದ ಕಡೆ ಮಂಡಿಯೆತ್ತರದಲ್ಲಿ ಒಂದೇ ಮಟ್ಟಕ್ಕೆ ಮಣ್ಣಿನ ಗೆರೆ ಉಳಿದಿರುತ್ತದೆ, ಬಣ್ಣ ಬಳಿದರೂ ಅದರ ಕೆಳಗೆ ಪ್ಲಾಸ್ಟರ್ ಉಬ್ಬಿರುತ್ತದೆ. ಹಲವು ಮನೆಯವರು ಗೇಟಿಗೆ ಅಡ್ಡಲಾಗಿ ಕಲ್ಲುಚಪ್ಪಡಿ ನಿಲ್ಲಿಸಿದ್ದರೆ, ದಿನಸಿ ಅಂಗಡಿಯಾತ ಅಕ್ಕಿ ಮೂಟೆಗಳನ್ನು ಸೊಂಟದೆತ್ತರದ ಕಬ್ಬಿಣದ ಸ್ಟ್ಯಾಂಡ್ ಮೇಲೆ ಇಟ್ಟಿದ್ದರೆ, ಇನ್ನಾರನ್ನೂ ಕೇಳಬೇಕಿಲ್ಲ.

ಇನ್ನು ಬೀದಿ. ಸುರಕ್ಷತೆ ಎಂದೊಡನೆ ಗೇಟು, ಸಿಸಿಟಿವಿ, ಸೆಕ್ಯುರಿಟಿ ಎಂದು ಲೆಕ್ಕ ಹಾಕುತ್ತೇವೆ. ಇವೆಲ್ಲ ಗೋಡೆಯ ಒಳಗಿನವರಿಗೆ. ಕಾರಿನಲ್ಲಿ ಓಡಾಡುವವರಿಗೆ ಎಲ್ಲ ಬೀದಿಯೂ ಒಂದೇ. ಬಸ್ಸಿನಲ್ಲಿ ಬರುವ ಮಗಳಿಗೆ, ಟ್ಯೂಷನ್ ಮುಗಿಸಿ ಸೈಕಲ್ ತುಳಿಯುವ ಹುಡುಗನಿಗೆ, ಕತ್ತಲಾದ ಮೇಲೆ ಔಷಧ ತರಲು ಹೊರಟ ಅಜ್ಜಿಗೆ ಹಾಗಲ್ಲ. ರಾತ್ರಿ ಒಂಬತ್ತೂವರೆಗೆ ಬಸ್ ಸ್ಟಾಪಿನಿಂದಲೋ ಮೆಟ್ರೋ ನಿಲ್ದಾಣದಿಂದಲೋ ಆ ಮನೆಯವರೆಗೆ ನಡೆದು ಬನ್ನಿ. ಮನೆಯ ಹೆಂಗಸರೂ ಜೊತೆಗೆ ಬರಲಿ, ಅವರ ಮಾತೇ ಕೊನೆಯದಾಗಲಿ. 2023ರ ಅಕ್ಟೋಬರ್‌ನಲ್ಲಿ ಮೆಟ್ರೋದ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾಯಿತು, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರ ತಲುಪಿತು. ಎರಡೂ ಕಡೆ ಬಾಡಿಗೆಗೆ ‘ಮೆಟ್ರೋ ಹತ್ತಿರ’ ಎಂಬ ಬೆಲೆ ಸೇರಿದೆ. ನಿಲ್ದಾಣದಿಂದ ಮನೆಗೆ ಫುಟ್‌ಪಾತ್ ಇದೆಯೇ, ಹೆದ್ದಾರಿ ದಾಟಲು ಮೇಲ್ಸೇತುವೆ ಇದೆಯೇ ಎಂಬುದು ಜಾಹೀರಾತಿನಲ್ಲಿ ಇರುವುದಿಲ್ಲ.

ಹೊರವಲಯದ ಅತ್ಯಂತ ಭಯದ ಬೀದಿ ಯಾವುದು ಎಂದರೆ, ಎರಡೂ ಬದಿಗೆ ಗೇಟೆಡ್ ಬಡಾವಣೆಗಳ ಎತ್ತರದ ಗೋಡೆ ಇರುವುದು. ಫರ್ಲಾಂಗುಗಟ್ಟಲೆ ಒಂದು ಬಾಗಿಲೂ ಬೀದಿಗೆ ತೆರೆಯುವುದಿಲ್ಲ. ಒಳಗೆ ನೂರಾರು ಮನೆಗಳಿದ್ದರೂ ಹೊರಗೆ ಕೂಗಿದರೆ ಕೇಳಿಸಿಕೊಳ್ಳುವವರಿಲ್ಲ. ಅದಕ್ಕಿಂತ, ಬೇಕರಿ, ಇಸ್ತ್ರಿ ಗಾಡಿ, ನಂದಿನಿ ಬೂತ್, ಹತ್ತರವರೆಗೂ ತೆರೆದಿರುವ ಮೆಡಿಕಲ್ ಸ್ಟೋರ್ ಇರುವ, ಗದ್ದಲದ, ಅಷ್ಟೇನೂ ಚೊಕ್ಕಟವಲ್ಲದ ಬೀದಿಯೇ ವಾಸಿ. ಆ ಬೆಳಕು, ಆ ಪರಿಚಿತ ಮುಖಗಳು ಕೊಡುವ ಧೈರ್ಯವನ್ನು ಕ್ಯಾಮೆರಾ ಕೊಡುವುದಿಲ್ಲ. ಬೀದಿದೀಪ ಕೆಟ್ಟರೆ ಯಾರಿಗೆ ದೂರು ಕೊಡುತ್ತೀರಿ ಎಂದೂ ನೆರೆಯವರನ್ನು ಕೇಳಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಅವುಗಳ ಗಡಿ ದಾಟಿದರೆ ಹಲವೆಡೆ ಗ್ರಾಮ ಪಂಚಾಯಿತಿ. ಗಡಿಯಂಚಿನ ರಸ್ತೆಗಳಲ್ಲಿ ಕಸವೂ ಕತ್ತಲೂ ಹೆಚ್ಚು ದಿನ ಉಳಿಯುತ್ತವೆ.

ಪೊಲೀಸ್ ದಾಖಲೆಯನ್ನೂ ನೋಡಬಹುದು. 2016ರ ಸುಪ್ರೀಂ ಕೋರ್ಟ್ ಆದೇಶದಂತೆ ಎಫ್‌ಐಆರ್‌ಗಳು ಪೊಲೀಸ್ ಜಾಲತಾಣಕ್ಕೆ ಬರುತ್ತವೆ. ಲೈಂಗಿಕ ದೌರ್ಜನ್ಯದಂಥ ಸೂಕ್ಷ್ಮ ಪ್ರಕರಣಗಳನ್ನು ಹಾಕುವುದಿಲ್ಲವಾದ್ದರಿಂದ ಹೆಂಗಸರ ಸುರಕ್ಷತೆಯ ಲೆಕ್ಕ ಅಲ್ಲಿ ಸಿಗದು. ಅದನ್ನು ಅಲ್ಲಿ ಓಡಾಡುವ ಹೆಂಗಸರನ್ನೇ ಕೇಳಬೇಕು. ಬೆಳಿಗ್ಗೆ ಆರೂವರೆಗೆ ಗೇಟಿನ ಹತ್ತಿರ ನಿಂತರೆ ಮನೆಗೆಲಸದವರು ಗುಂಪಾಗಿ ಬರುತ್ತಾರೆ. ಒಬ್ಬರಾದರೂ, ‘ಅಕ್ಕಾ, ಆ ಖಾಲಿ ಸೈಟಿನ ಕಡೆಯಿಂದ ಮಾತ್ರ ಹೋಗ್ಬೇಡಿ, ಅಲ್ಲಿ ಕುಡಿಯೋರು ಕೂತಿರ್ತಾರೆ’ ಎಂದು ತಾವಾಗಿಯೇ ಹೇಳುತ್ತಾರೆ. ಸೆಕ್ಯುರಿಟಿಯವರು ಅವರ ಚೀಲ ತಡಕುವ ರೀತಿ, ಮಾತಾಡಿಸುವ ದನಿ ನೋಡಿದರೆ ಆ ಬಡಾವಣೆಯ ಸಂಘ ಎಂಥವರದ್ದು ಎಂಬುದೂ ಗೊತ್ತಾಗುತ್ತದೆ.

ಕಾಗದಪತ್ರದ ಮಾತು ಕೊಳ್ಳುವವರಿಗೆ. ಎ ಖಾತೆಯೋ ಬಿ ಖಾತೆಯೋ, ಋಣಭಾರ ಪತ್ರ ಸರಿಯಿದೆಯೇ, ಸ್ವಾಧೀನಾನುಭವ ಪತ್ರ ಸಿಕ್ಕಿದೆಯೇ ಎಂದು ವಕೀಲರ ಕೈಯಲ್ಲಿ ನೋಡಿಸಿ. ಈ ಕೊನೆಯದು ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಷ್ಟೆಲ್ಲ ವಿಚಾರಿಸಿದರೂ ವರ್ಷದ ಎಲ್ಲ ಕಾಲವನ್ನು ಒಂದೆರಡು ಭೇಟಿಯಲ್ಲಿ ನೋಡಲಾಗದು. ಅದಕ್ಕೇ, ಕೊಳ್ಳಬೇಕೆಂದಿರುವ ಬಡಾವಣೆಯಲ್ಲೇ ಮೊದಲು ಬಾಡಿಗೆಗೆ ಇರಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ನಮ್ಮಲ್ಲಿ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಫೆಬ್ರುವರಿಯಲ್ಲಿ ಸೇರಿದರೆ ಡಿಸೆಂಬರ್ ಮುಗಿಯುವುದರೊಳಗೆ ಒಂದು ಬೇಸಿಗೆ, ಎರಡು ಮಳೆಗಾಲಗಳು, ಗಣೇಶನ ಪೆಂಡಾಲು, ಶಾಲೆ ಶುರುವಾದ ಜೂನ್ ತಿಂಗಳ ಟ್ರಾಫಿಕ್ಕು ಎಲ್ಲವೂ ಆಗಿರುತ್ತದೆ. ಬಾಡಿಗೆ ದಂಡ ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರ ಮುಂದೆ ಲೆಕ್ಕ ಇಡಿ: ತಿಂಗಳಿಗೆ 25 ಸಾವಿರದಂತೆ ಹನ್ನೊಂದು ತಿಂಗಳಿಗೆ 2.75 ಲಕ್ಷ ರೂಪಾಯಿ. ಶೇ 8.5ರ ಬಡ್ಡಿಗೆ 80 ಲಕ್ಷ ಸಾಲ ತೆಗೆದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 6.8 ಲಕ್ಷ.