ಕೊಬ್ಬರಿ ಎಣ್ಣೆ: ಚರ್ಮಕ್ಕೆ ಹಚ್ಚಿದರೆ ಒಂದು, ಚಮಚದಲ್ಲಿ ಕುಡಿದರೆ ಇನ್ನೊಂದು

ಕೊಬ್ಬರಿ ಎಣ್ಣೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಉರಿಯೂತ ತಗ್ಗಿಸುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಅದು ಎಲ್ಲ ಕಡೆಗೂ ಹೊಂದುವ ಮಾತಲ್ಲ. ಈ ಗುಣಕ್ಕೆ ಕಾರಣ ಅದರಲ್ಲಿರುವ ಮಧ್ಯಮ ಸರಪಳಿಯ ಕೊಬ್ಬಿನಾಮ್ಲಗಳು: ಎಂಟು ಇಂಗಾಲಗಳ ಕ್ಯಾಪ್ರಿಲಿಕ್, ಹತ್ತರ ಕ್ಯಾಪ್ರಿಕ್, ಹನ್ನೆರಡರ ಲಾರಿಕ್. ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲವೇ. ಸೀಸೆಯೊಳಗೆ ಇವು ಬಿಡಿಯಾಗಿರುವುದಿಲ್ಲ. ಮೂರು ಮೂರು ಸೇರಿ ಒಂದೊಂದು ಗ್ಲಿಸರಾಲಿಗೆ ಅಂಟಿಕೊಂಡಿರುತ್ತವೆ. ಹಾಗೆ ಅಂಟಿಕೊಂಡಿರುವಾಗ ರೋಗಾಣುಗಳ ಮೇಲೆ ಅವುಗಳ ಪ್ರಭಾವ ತೀರಾ ಕಡಿಮೆ. ಲೈಪೇಸ್ ಎಂಬ ಕಿಣ್ವ ಬಿಡಿಸಿದ ಮೇಲೆಯೇ ಅವು ಕೆಲಸಕ್ಕಿಳಿಯುತ್ತವೆ. ಹಾಗಾಗಿ ಆಮ್ಲ ಎಲ್ಲಿ ಬಿಡಿಯಾಗುತ್ತದೆ, ಅಲ್ಲಿಂದ ಎತ್ತ ಹೋಗುತ್ತದೆ ಎಂದು ಮೊದಲು ಕೇಳಬೇಕು.

ಬಿಡಿಯಾದ ಲಾರಿಕ್ ಆಮ್ಲದ ಒಂದು ತುದಿ ನೀರಿಗೆ ಒಗ್ಗುತ್ತದೆ, ಉಳಿದ ಬಾಲ ಕೊಬ್ಬಿಗೆ ಒಗ್ಗುತ್ತದೆ. ಅದು ಬ್ಯಾಕ್ಟೀರಿಯಾದ ಜೀವಕೋಶದ ಪೊರೆಯೊಳಗೆ ನುಗ್ಗಿ ಪೊರೆಯನ್ನೇ ಸಡಿಲಿಸುತ್ತದೆ. ಅಮೆರಿಕದ ಜಾನ್ ಕಬಾರಾ ಮತ್ತು ಸಂಗಡಿಗರು 1972ರಲ್ಲಿ ಹಲವು ಕೊಬ್ಬಿನಾಮ್ಲಗಳನ್ನು ಹೋಲಿಸಿ ನೋಡಿದಾಗ, ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳ ಮೇಲೆ ಪರ್ಯಾಪ್ತ ಕೊಬ್ಬಿನಾಮ್ಲಗಳಲ್ಲಿ ಲಾರಿಕ್ ಆಮ್ಲವೇ ಮುಂದಿತ್ತು. ಇ. ಕೋಲೈಯಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಹೊರಗೆ ಇನ್ನೊಂದು ಪೊರೆಯ ರಕ್ಷಣೆ ಇರುವುದರಿಂದ ಅವು ಸುಲಭಕ್ಕೆ ಬಗ್ಗುವುದಿಲ್ಲ. ಚರ್ಮದಲ್ಲಿ ತೊಂದರೆ ಕೊಡುವ ಸ್ಟೆಫಿಲೊಕಾಕಸ್ ಆರಿಯಸ್ ಮತ್ತು ಮೊಡವೆಯ ಬ್ಯಾಕ್ಟೀರಿಯಾ ಎರಡೂ ಗ್ರಾಂ ಪಾಸಿಟಿವ್. ಎರಡೂ ತಾವೇ ಲೈಪೇಸ್ ಸ್ರವಿಸುತ್ತವೆ. ಅಂದರೆ ಆಮ್ಲವನ್ನು ಬಿಡಿಸುವ ಸಾಧನ ಚರ್ಮದ ಮೇಲೆಯೇ ಇದೆ.

ಪ್ರಯೋಗಾಲಯದ ತಟ್ಟೆಯಲ್ಲಿ ಕಂಡದ್ದು ರೋಗಿಯ ಮೈಮೇಲೂ ಕಾಣಬೇಕಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಸುಬಿನಿಂದ ನರಳುತ್ತಿದ್ದ ವಯಸ್ಕರಲ್ಲಿ ಅರ್ಧ ಜನ ವರ್ಜಿನ್ ಕೊಬ್ಬರಿ ಎಣ್ಣೆ, ಉಳಿದವರು ಆಲಿವ್ ಎಣ್ಣೆ ಹಚ್ಚಿಕೊಂಡರು. ಕೊಬ್ಬರಿ ಎಣ್ಣೆಯ ಗುಂಪಿನಲ್ಲಿ ಮೊದಲು 20 ಮಂದಿಯ ಚರ್ಮದಲ್ಲಿದ್ದ ಸ್ಟೆಫಿಲೊಕಾಕಸ್ ಆರಿಯಸ್ ಕೊನೆಗೆ ಒಬ್ಬರಲ್ಲಿ ಮಾತ್ರ ಉಳಿಯಿತು; ಆಲಿವ್ ಎಣ್ಣೆಯ ಗುಂಪಿನಲ್ಲಿ 12ರ ಪೈಕಿ 6 ಮಂದಿಯಲ್ಲಿ ಉಳಿಯಿತು. 2014ರಲ್ಲಿ 117 ಮಕ್ಕಳ ಮೇಲಿನ ಎಂಟು ವಾರಗಳ ಪ್ರಯೋಗದಲ್ಲಿ ಇಸುಬಿನ ತೀವ್ರತೆಯ ಅಂಕ ಕೊಬ್ಬರಿ ಎಣ್ಣೆಯಿಂದ ಶೇ. 68, ಖನಿಜ ಎಣ್ಣೆಯಿಂದ ಶೇ. 38 ಇಳಿಯಿತು. ಯಾವ ಎಣ್ಣೆಯಾದರೂ ಒಣ ಚರ್ಮವನ್ನು ಮೆದುಗೊಳಿಸುತ್ತದೆ, ಅಷ್ಟೇ ಎನ್ನುವವರಿಗೆ ಈ ಎರಡು ಹೋಲಿಕೆಗಳೇ ಉತ್ತರ. ಅಧ್ಯಯನಗಳು ಚಿಕ್ಕವು ನಿಜ, ಆದರೆ ಎರಡೂ ಒಂದೇ ದಿಕ್ಕನ್ನು ತೋರುತ್ತವೆ.

ಹೊಟ್ಟೆಗೆ ಹೋದಾಗ ಲೆಕ್ಕ ಬದಲಾಗುತ್ತದೆ. ಅಲ್ಲೂ ಲೈಪೇಸ್ ಇದೆ, ಆಮ್ಲ ಬಿಡಿಯಾಗುತ್ತದೆ. ಆದರೆ ಸಣ್ಣ ಕರುಳು ಅದನ್ನು ಹೀರಿಕೊಳ್ಳುತ್ತದೆ, ದೇಹ ಅದನ್ನು ಆಹಾರವಾಗಿ ಬಳಸುತ್ತದೆ. ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಎನಿಸಿಕೊಂಡ ಎಲ್‌ಡಿಎಲ್ ಹೆಚ್ಚುತ್ತದೆ. 2017ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೊಬ್ಬರಿ ಎಣ್ಣೆಯ ಬಳಕೆ ಬೇಡವೆಂದದ್ದು ಇದೇ ಕಾರಣಕ್ಕೆ. ಉರಿಯೂತದ ವಿಷಯದಲ್ಲೂ ಎಚ್ಚರ ಬೇಕು: ರಕ್ಷಕ ಕೋಶಗಳ ಮೇಲಿನ ಕೆಲವು ಪ್ರಯೋಗಗಳಲ್ಲಿ ಲಾರಿಕ್ ಆಮ್ಲ ಉರಿಯೂತವನ್ನು ಕೆರಳಿಸಿದೆ. ಕರಾವಳಿಯವರು ತಲೆತಲಾಂತರದಿಂದ ತೆಂಗು ತಿನ್ನುತ್ತಿಲ್ಲವೇ ಎಂದರೆ, ಅವರ ಊಟದಲ್ಲಿ ಕಾಯಿತುರಿ, ಮೀನು, ಸೊಪ್ಪು, ಕುಚ್ಚಲಕ್ಕಿ ಎಲ್ಲವೂ ಇವೆ. ಆ ಊಟದಿಂದ ಎಣ್ಣೆಯೊಂದನ್ನೇ ಬೇರ್ಪಡಿಸಿ ಔಷಧಿಯೆಂದು ಕುಡಿಯುವುದಕ್ಕೆ ಅದು ಸಾಕ್ಷಿಯಾಗದು. ಒಣ ಇಸುಬಿಗೆ ಕೊಬ್ಬರಿ ಎಣ್ಣೆ ಹಚ್ಚುವುದಕ್ಕೆ ಆಧಾರವಿದೆ. ಕೀವಾದರೆ, ಜ್ವರ ಬಂದರೆ ವೈದ್ಯರ ಬಳಿಗೆ ಹೋಗಬೇಕು. ಸೋಂಕು ವಾಸಿಯಾಗಲೆಂದು ಚಮಚಗಟ್ಟಲೆ ಕುಡಿಯುವುದನ್ನು ಮಾತ್ರ ಬಿಡಬೇಕು.