ಕಾಲೇಜಿಗೆ ಒಳ್ಳೆ ಗ್ರೇಡ್ ಇದ್ದರೆ ಎಂ.ಟೆಕ್ ಪಾಠವೂ ಚೆನ್ನಾಗಿರುತ್ತಾ? ಹೊರಗಿನವರ ಪರಿಶೀಲನೆ ಹೇಗೆ ನಡೆಯುತ್ತದೆ, ಪ್ರವೇಶಕ್ಕೆ ಮೊದಲು ಏನು ನೋಡಬೇಕು? ಇಲ್ಲಿದೆ ವಿವರ

ಪುಣೆ: ಕಾಲೇಜಿನ ಗೇಟಿನ ಮೇಲೆ ನ್ಯಾಕ್ ಗ್ರೇಡ್‌ನ ಬೋರ್ಡ್, ಜಾಹೀರಾತಿನಲ್ಲಿ ದಪ್ಪ ಅಕ್ಷರದ ರ‍್ಯಾಂಕ್. ಸ್ನಾತಕೋತ್ತರ ಪದವಿಗೆ ಸೇರಲು ಹೊರಟ ವಿದ್ಯಾರ್ಥಿ ಮತ್ತು ಪೋಷಕರು ಮೊದಲು ನೋಡುವುದು ಇವೆರಡನ್ನೇ. ಆದರೆ ಆ ಗ್ರೇಡ್ ಇಡೀ ಸಂಸ್ಥೆಗೆ ಸಿಕ್ಕಿದ್ದು. ತಾನು ಸೇರಲಿರುವ ಎಂ.ಟೆಕ್, ಎಂಬಿಎ ಅಥವಾ ಎಂಸಿಎ ತರಗತಿಯಲ್ಲಿ ಪಾಠ ಹೇಗಿದೆ, ಉತ್ತರ ಪತ್ರಿಕೆಯನ್ನು ಯಾರು ತಿದ್ದುತ್ತಾರೆ, ಪ್ರಾಜೆಕ್ಟ್‌ಗೆ ಅಂಕ ಕೊಡುವವರು ಯಾರು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಸಿಗುತ್ತದೆಯೇ? ಪೂರ್ತಿಯಾಗಿ ಸಿಗುವುದಿಲ್ಲ. ಯಾಕೆ ಎಂದು ತಿಳಿಯಲು ಈ ಪರಿಶೀಲನೆಗಳು ಹೇಗೆ ನಡೆಯುತ್ತವೆ ಎಂಬುದನ್ನು ನೋಡಬೇಕು.

ಬಿಬವೇವಾಡಿಯ ಉದಾಹರಣೆ

ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಬಿಬವೇವಾಡಿ, ನಗರದ ದಕ್ಷಿಣ ಭಾಗದ ಬಡಾವಣೆ. ಇಲ್ಲಿನ ಅಪ್ಪರ್ ಇಂದಿರಾ ನಗರದಲ್ಲಿ 1983ರಲ್ಲಿ ಆರಂಭವಾದ ವಿಶ್ವಕರ್ಮ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ. ಇದು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯಕ್ಕೆ ಸಂಯೋಜನೆ ಹೊಂದಿರುವ ಸ್ವಾಯತ್ತ ಸಂಸ್ಥೆ. ಬಿ.ಟೆಕ್ ಜೊತೆಗೆ ಎಂ.ಟೆಕ್ ಕೂಡ ಇಲ್ಲಿದೆ. ಬೆಳಗಾವಿಯ ವಿಟಿಯು ವ್ಯಾಪ್ತಿಯಲ್ಲೂ ಇಂತಹ ಅನೇಕ ಸ್ವಾಯತ್ತ ಎಂಜಿನಿಯರಿಂಗ್ ಕಾಲೇಜುಗಳಿವೆ. ಹಾಗಾಗಿ ಪುಣೆಗೆ ಓದಲು ಹೋಗುವವರಿಗೂ ಕರ್ನಾಟಕದಲ್ಲೇ ಉಳಿಯುವವರಿಗೂ ನಿಯಮದ ಚೌಕಟ್ಟು ಹೆಚ್ಚುಕಮ್ಮಿ ಒಂದೇ.

ಸ್ವಾಯತ್ತ ಎಂದರೆ ಏನು? ಪಠ್ಯಕ್ರಮವನ್ನು ಕಾಲೇಜೇ ರೂಪಿಸುತ್ತದೆ. ಪಾಠ ಮಾಡುವುದು, ಪರೀಕ್ಷೆ ನಡೆಸುವುದು, ಅಂಕ ಕೊಡುವುದು, ಫಲಿತಾಂಶ ಪ್ರಕಟಿಸುವುದು ಎಲ್ಲವೂ ಕಾಲೇಜಿನದೇ ಹೊಣೆ. ಪದವಿ ಪ್ರಮಾಣಪತ್ರ ಮಾತ್ರ ವಿಶ್ವವಿದ್ಯಾಲಯದ ಹೆಸರಲ್ಲಿ ಬರುತ್ತದೆ.

ಇದರಿಂದ ಲಾಭವಿದೆ. ಉದ್ಯಮದ ಅಗತ್ಯಕ್ಕೆ ತಕ್ಕಂತೆ ಪಠ್ಯವನ್ನು ಬೇಗ ಬದಲಿಸಬಹುದು, ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕಿಲ್ಲ. ಆದರೆ ಪಾಠ ಮಾಡಿದವರೇ ಪ್ರಶ್ನೆ ಪತ್ರಿಕೆ ತೆಗೆದು, ಅವರೇ ತಿದ್ದಿ, ಅವರೇ ಅಂಕ ಕೊಟ್ಟರೆ ಆ ಅಂಕಕ್ಕೆ ಎಷ್ಟು ತೂಕ? ಹೊರಗಿನವರ ಕಣ್ಣು ಬೇಕಾಗುವುದು ಇಲ್ಲೇ.

ಈ ಯೋಚನೆ ಹೊಸದಲ್ಲ. 1830ರ ದಶಕದಲ್ಲಿ ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯ ಆರಂಭವಾದಾಗ ತನ್ನ ಪದವಿಗೆ ಬೆಲೆ ಬರಲೆಂದು ಆಕ್ಸ್‌ಫರ್ಡ್‌ನಿಂದ ಪರೀಕ್ಷಕರನ್ನು ಕರೆಸಿಕೊಂಡಿತ್ತು. ನಮ್ಮಲ್ಲಿ ಇಂದಿಗೂ ಇರುವ 'ಎಕ್ಸ್‌ಟರ್ನಲ್' ಪದ್ಧತಿಯ ಬೇರು ಅಲ್ಲಿದೆ.

ಹೊರಗಿನವರು ಎಲ್ಲೆಲ್ಲಿ ಬರುತ್ತಾರೆ?

ಮೊದಲನೆಯದು ಪಠ್ಯಕ್ರಮದ ಹಂತ. ಸ್ವಾಯತ್ತ ಕಾಲೇಜಿನ ಪ್ರತಿ ವಿಭಾಗಕ್ಕೂ ಅಧ್ಯಯನ ಮಂಡಳಿ ಇರಬೇಕು. ಯುಜಿಸಿ ನಿಯಮದಂತೆ ಅದರಲ್ಲಿ ವಿಭಾಗದ ಅಧ್ಯಾಪಕರ ಜೊತೆಗೆ ಮಾತೃ ವಿಶ್ವವಿದ್ಯಾಲಯದ ಹೊರಗಿನ ಇಬ್ಬರು ವಿಷಯ ತಜ್ಞರು, ಕುಲಪತಿಗಳು ನಾಮನಿರ್ದೇಶನ ಮಾಡುವ ಒಬ್ಬ ತಜ್ಞರು, ಉದ್ಯಮ ವಲಯದ ಒಬ್ಬ ಪ್ರತಿನಿಧಿ ಮತ್ತು ಸ್ನಾತಕೋತ್ತರ ಪದವಿ ಪಡೆದ ಒಬ್ಬ ಹಳೆ ವಿದ್ಯಾರ್ಥಿ ಇರುತ್ತಾರೆ.

ಎರಡನೆಯದು ಪರೀಕ್ಷೆಯ ಹಂತ. ಕರ್ನಾಟಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಉತ್ತರ ಪತ್ರಿಕೆಗಳಿಗೆ ಎರಡು ಮೌಲ್ಯಮಾಪನ ಇರುತ್ತದೆ. ಒಬ್ಬರು ಒಳಗಿನವರು, ಇನ್ನೊಬ್ಬರು ಹೊರಗಿನವರು. ಇಬ್ಬರ ಅಂಕಗಳ ನಡುವೆ ದೊಡ್ಡ ಅಂತರ ಬಂದರೆ ಪತ್ರಿಕೆ ಮೂರನೆಯವರ ಕೈಗೆ ಹೋಗುತ್ತದೆ. ಸ್ವಾಯತ್ತ ಕಾಲೇಜುಗಳಲ್ಲಿ ಈ ವಿವರ ಆಯಾ ಸಂಸ್ಥೆಯ ಪರೀಕ್ಷಾ ನಿಯಮಾವಳಿಯನ್ನು ಅವಲಂಬಿಸಿರುತ್ತದೆ.

ಮೂರನೆಯದು ಪ್ರಬಂಧ ಮತ್ತು ವೈವಾ. ಎಂ.ಟೆಕ್ ಮಟ್ಟಿಗೆ ಇದೇ ಮುಖ್ಯ. ಎಐಸಿಟಿಇಯ ಮಾದರಿ ಪಠ್ಯಕ್ರಮದಲ್ಲಿ ಎರಡು ವರ್ಷದ ಎಂ.ಟೆಕ್‌ಗೆ ಒಟ್ಟು 68 ಕ್ರೆಡಿಟ್. ಅದರಲ್ಲಿ ಪ್ರಬಂಧದ ಮೊದಲ ಹಂತಕ್ಕೆ 10, ಎರಡನೇ ಹಂತಕ್ಕೆ 16. ಅಂದರೆ ಪದವಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಈ ಒಂದೇ ಕೆಲಸದ ಮೇಲೆ ನಿಂತಿದೆ. ವೈವಾಗೆ ಬರುವ ಹೊರಗಿನ ಪರೀಕ್ಷಕರು ಪ್ರಬಂಧವನ್ನು ಮೊದಲೇ ಓದಿ ಬಂದು ಪ್ರಶ್ನೆ ಕೇಳಿದರೆ ಅಂಕಕ್ಕೆ ಬೆಲೆ ಇರುತ್ತದೆ. ಪ್ರತಿ ವರ್ಷ ಪಕ್ಕದ ಕಾಲೇಜಿನ ಅದೇ ಪರಿಚಿತರು ಬಂದು, ಒಂದೇ ದಿನದಲ್ಲಿ ಎಲ್ಲರ ವೈವಾ ಮುಗಿಸಿ ಹೋದರೆ ನಿಯಮ ಪಾಲನೆಯಾಗುತ್ತದೆ, ಪರಿಶೀಲನೆ ಆಗುವುದಿಲ್ಲ.

ಪಿಎಚ್‌ಡಿಗೆ ಈ ವಿಷಯದಲ್ಲಿ ಬಿಗಿ ನಿಯಮವಿದೆ. ಯುಜಿಸಿಯ 2022ರ ನಿಯಮಾವಳಿಯಂತೆ ಮಾರ್ಗದರ್ಶಕರಲ್ಲದೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಮಹಾಪ್ರಬಂಧವನ್ನು ಪರಿಶೀಲಿಸಲೇಬೇಕು.

ನ್ಯಾಕ್ ಅಳೆಯುವುದು ಏನನ್ನು?

ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿ, ಅಂದರೆ ನ್ಯಾಕ್, 1994ರಲ್ಲಿ ಸ್ಥಾಪನೆಯಾಯಿತು. ಇದರ ಕೇಂದ್ರ ಕಚೇರಿ ಇರುವುದು ಬೆಂಗಳೂರಿನ ನಾಗರಭಾವಿಯಲ್ಲಿ. 2017ರಲ್ಲಿ ಪರಿಷ್ಕರಿಸಿದ ಪದ್ಧತಿಯಲ್ಲಿ ಏಳು ಮಾನದಂಡಗಳು, ಒಟ್ಟು 1000 ಅಂಕ. 'ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನ' ಎಂಬುದು ಎರಡನೇ ಮಾನದಂಡ. ಇದಕ್ಕೆ ವಿಶ್ವವಿದ್ಯಾಲಯಗಳಲ್ಲಿ 200, ಸ್ವಾಯತ್ತ ಕಾಲೇಜುಗಳಲ್ಲಿ 300, ಸಂಯೋಜಿತ ಕಾಲೇಜುಗಳಲ್ಲಿ 350 ಅಂಕ ಮೀಸಲು. ಉಳಿದ ಅಂಕಗಳು ಸಂಶೋಧನೆ, ಕಟ್ಟಡ ಮತ್ತು ಸೌಲಭ್ಯ, ಆಡಳಿತ, ವಿದ್ಯಾರ್ಥಿಗಳಿಗೆ ನೆರವು ಮುಂತಾದವುಗಳಿಗೆ. ಕೊನೆಗೆ ಸಿಗುವ ಅಂಕ 3.51ರಿಂದ 4ರೊಳಗೆ ಇದ್ದರೆ ಎ++, 3.26ರಿಂದ 3.50 ಇದ್ದರೆ ಎ+, 3.01ರಿಂದ 3.25 ಇದ್ದರೆ ಎ.

ಗಮನಿಸಬೇಕಾದ ಸಂಗತಿ ಏನೆಂದರೆ, ಈ ಪದ್ಧತಿಯಲ್ಲಿ ಸುಮಾರು ಶೇ 70ರಷ್ಟು ಅಂಕ ಸಂಸ್ಥೆಯೇ ಸಲ್ಲಿಸುವ ಅಂಕಿಅಂಶಗಳಿಂದ ಬರುತ್ತದೆ. ಅದನ್ನು ದಾಖಲೆಗಳ ಮೂಲಕ ಪರಿಶೀಲಿಸಲಾಗುತ್ತದೆ. ಉಳಿದದ್ದಕ್ಕೆ ಮಾತ್ರ ತಜ್ಞರ ತಂಡ ಭೇಟಿ ಕೊಡುತ್ತದೆ. ಪರೀಕ್ಷೆಯ ವಿಷಯಕ್ಕೆ ಬಂದರೆ, ಕೊನೆಯ ಪರೀಕ್ಷೆ ಮುಗಿದು ಎಷ್ಟು ದಿನಕ್ಕೆ ಫಲಿತಾಂಶ ಬಂತು, ಮೌಲ್ಯಮಾಪನದ ಬಗ್ಗೆ ಎಷ್ಟು ದೂರು ಬಂದಿವೆ ಎಂಬುದು ಲೆಕ್ಕಕ್ಕೆ ಬರುತ್ತದೆ. ಇವು ಬೇಕಾದ ಮಾಹಿತಿಗಳೇ. ಆದರೆ ಪ್ರಶ್ನೆ ಪತ್ರಿಕೆ ಸ್ನಾತಕೋತ್ತರ ಮಟ್ಟದ್ದೇ ಅಥವಾ ಬಿ.ಇ ಪತ್ರಿಕೆಯನ್ನೇ ಸ್ವಲ್ಪ ತಿರುವಿ ಕೊಟ್ಟದ್ದೇ ಎಂಬುದು ಈ ಅಂಕಿಗಳಿಂದ ತಿಳಿಯುವುದಿಲ್ಲ. ವಿದ್ಯಾರ್ಥಿಗಳ ಅಭಿಪ್ರಾಯ ಕೇಳುವ ಆನ್‌ಲೈನ್ ಸಮೀಕ್ಷೆಯೂ ಇದೆ. ಅದೂ ಇಡೀ ಸಂಸ್ಥೆಯ ಲೆಕ್ಕವೇ. ಸಾವಿರಾರು ಬಿ.ಟೆಕ್ ವಿದ್ಯಾರ್ಥಿಗಳ ನಡುವೆ ಒಂದು ಎಂ.ಟೆಕ್ ವಿಭಾಗದ ಹದಿನೆಂಟು, ಇಪ್ಪತ್ತು ಮಂದಿಯ ದನಿ ಕೇಳಿಸುವುದು ಕಷ್ಟ.

ಎನ್‌ಬಿಎ ಯಾಕೆ ಬೇರೆ?

ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ, ಕೂಡ 1994ರಲ್ಲೇ ಎಐಸಿಟಿಇ ಅಡಿಯಲ್ಲಿ ಶುರುವಾಗಿ 2010ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಇದು ಮಾನ್ಯತೆ ಕೊಡುವುದು ಕಾಲೇಜಿಗಲ್ಲ, ಒಂದೊಂದು ಕೋರ್ಸ್‌ಗೆ. ಸ್ನಾತಕೋತ್ತರ ಎಂಜಿನಿಯರಿಂಗ್‌ಗೆ ಅದು ಮೂರು ಗುರಿಗಳನ್ನು ನಿಗದಿ ಮಾಡಿದೆ.

* ವಿದ್ಯಾರ್ಥಿ ಸ್ವತಂತ್ರವಾಗಿ ಸಂಶೋಧನೆ ಅಥವಾ ಅಭಿವೃದ್ಧಿ ಕೆಲಸ ಮಾಡಿ ನಿಜ ಜೀವನದ ಸಮಸ್ಯೆ ಬಗೆಹರಿಸಬಲ್ಲವನಾಗಿರಬೇಕು.
* ಗಟ್ಟಿಯಾದ ತಾಂತ್ರಿಕ ವರದಿ ಬರೆದು ಮಂಡಿಸಲು ಬರಬೇಕು.
* ತನ್ನ ವಿಷಯದಲ್ಲಿ ಬಿ.ಟೆಕ್‌ಗಿಂತ ಮೇಲಿನ ಮಟ್ಟದ ಹಿಡಿತ ಇರಬೇಕು.

ಭೇಟಿಗೆ ಬರುವ ತಜ್ಞರು ಪ್ರಶ್ನೆ ಪತ್ರಿಕೆ, ತಿದ್ದಿದ ಉತ್ತರ ಪತ್ರಿಕೆ, ಪ್ರಾಜೆಕ್ಟ್ ವರದಿಗಳನ್ನು ತೆರೆಸಿ ನೋಡುತ್ತಾರೆ, ವಿದ್ಯಾರ್ಥಿಗಳ ಜೊತೆ ಮಾತನಾಡುತ್ತಾರೆ. ಪಾಠ ಮತ್ತು ಅಂಕದ ಹತ್ತಿರಕ್ಕೆ ಹೋಗುವ ಪರಿಶೀಲನೆ ಇದು.

ಆದರೆ ಇಲ್ಲೂ ಎರಡು ತೊಡಕುಗಳಿವೆ. ಒಂದು, ಯಾವ ಕೋರ್ಸ್‌ಗೆ ಅರ್ಜಿ ಹಾಕಬೇಕು ಎಂಬುದು ಕಾಲೇಜಿಗೆ ಬಿಟ್ಟದ್ದು. ಒಂದೇ ವಿಭಾಗದ ಬಿ.ಟೆಕ್‌ಗೆ ಎನ್‌ಬಿಎ ಮಾನ್ಯತೆ ಇದ್ದು, ಎಂ.ಟೆಕ್‌ಗೆ ಇಲ್ಲದಿರಬಹುದು. ಎರಡು, 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯನಾಯಿತು ಎಂದು ಕಾಲೇಜುಗಳು ಹೇಳಿಕೊಳ್ಳುವುದು ನಿಜವೇ ಆದರೂ, ಆ ಅಂತರರಾಷ್ಟ್ರೀಯ ಒಪ್ಪಂದ ಅನ್ವಯಿಸುವುದು ಎಂಜಿನಿಯರಿಂಗ್‌ನ ಮೊದಲ ಪದವಿಗೆ, ಎಂ.ಟೆಕ್‌ಗೆ ಅಲ್ಲ.

ಎನ್‌ಐಆರ್‌ಎಫ್ ರ‍್ಯಾಂಕ್ ನೋಡಿದರೆ ಸಾಕೇ?

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಬರುತ್ತಿದೆ. ಅದರಲ್ಲಿ ಬೋಧನೆ, ಕಲಿಕೆ ಮತ್ತು ಸಂಪನ್ಮೂಲಕ್ಕೆ ಶೇ 30ರಷ್ಟು ತೂಕ. ಆದರೆ ಇದನ್ನು ಲೆಕ್ಕ ಹಾಕುವುದು ವಿದ್ಯಾರ್ಥಿಗಳ ಸಂಖ್ಯೆ, ಅಧ್ಯಾಪಕರ ಅನುಪಾತ, ಅವರಲ್ಲಿ ಪಿಎಚ್‌ಡಿ ಪಡೆದವರೆಷ್ಟು, ಹಣ ಎಷ್ಟು ಖರ್ಚಾಗಿದೆ ಎಂಬುದರ ಮೇಲೆ. ತರಗತಿಯೊಳಗೆ ಯಾರೂ ಕುಳಿತು ನೋಡುವುದಿಲ್ಲ.

ನಂಬಿಕೆಗೆ ಬಿದ್ದ ಪೆಟ್ಟು

ಗ್ರೇಡ್‌ನಿಂದ ಪ್ರಚಾರಕ್ಕಿಂತ ಹೆಚ್ಚಿನದು ಸಿಗುತ್ತದೆ. ಯುಜಿಸಿ ನಿಯಮದಂತೆ ಕಾಲೇಜು ಸ್ವಾಯತ್ತತೆ ಪಡೆಯಬೇಕಾದರೂ ನ್ಯಾಕ್‌ನ ಕನಿಷ್ಠ ಎ ಗ್ರೇಡ್ ಅಥವಾ ಕನಿಷ್ಠ ಮೂರು ಕೋರ್ಸ್‌ಗಳಿಗೆ ಎನ್‌ಬಿಎ ಮಾನ್ಯತೆ ಬೇಕು. ಗ್ರೇಡ್‌ಗೆ ಇಷ್ಟು ಬೆಲೆ ಇರುವಾಗ ಅಡ್ಡದಾರಿಯ ಆಸೆಯೂ ಹುಟ್ಟುತ್ತದೆ.

ನ್ಯಾಕ್ ಕಾರ್ಯಕಾರಿ ಸಮಿತಿಯ ಅಧ್ಯಕ್ಷರಾಗಿದ್ದ ಪುಣೆಯ ಪ್ರಾಧ್ಯಾಪಕ ಭೂಷಣ್ ಪಟವರ್ಧನ್ ಅವರು ಗ್ರೇಡ್ ನೀಡಿಕೆಯಲ್ಲಿ ಅಕ್ರಮದ ಶಂಕೆ ವ್ಯಕ್ತಪಡಿಸಿ 2023ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು. ನಂತರ ಆ ಸ್ಥಾನಕ್ಕೆ ಬಂದವರು ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಪುಣೆಯ ಕಾಲೇಜ್ ಆಫ್ ಎಂಜಿನಿಯರಿಂಗ್‌ನ ನಿರ್ದೇಶಕರಾಗಿದ್ದ ಅನಿಲ್ ಸಹಸ್ರಬುದ್ಧೆ. 2025ರ ಫೆಬ್ರವರಿಯಲ್ಲಿ, ಆಂಧ್ರಪ್ರದೇಶದ ಶಿಕ್ಷಣ ಸಂಸ್ಥೆಯೊಂದಕ್ಕೆ ಎ++ ಗ್ರೇಡ್ ಕೊಡಿಸಲು ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ಪರಿಶೀಲನಾ ತಂಡದ ಅಧ್ಯಕ್ಷರು ಮತ್ತು ಸದಸ್ಯರು ಸೇರಿದಂತೆ 10 ಮಂದಿಯನ್ನು ಸಿಬಿಐ ಬಂಧಿಸಿತು. ಹೊರಗಿನವರ ಕಣ್ಣು ಬೇಕು ಎಂಬುದೇನೋ ಸರಿ, ಆ ಕಣ್ಣನ್ನು ಕಾಯುವವರು ಯಾರು ಎಂಬ ಪ್ರಶ್ನೆ ಆಗ ಎಲ್ಲೆಡೆ ಎದ್ದಿತು.

ಮುಂದೇನು?

ಇಸ್ರೋ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ನೇತೃತ್ವದ ಸಮಿತಿಯ ಶಿಫಾರಸಿನಂತೆ ಎ++, ಎ+ ಮಾದರಿಯ ಗ್ರೇಡ್‌ಗಳನ್ನು ಕೈಬಿಟ್ಟು, 'ಮಾನ್ಯತೆ ಇದೆ' ಅಥವಾ 'ಇಲ್ಲ' ಎಂದಷ್ಟೇ ಹೇಳುವ ಪದ್ಧತಿಗೆ ಹೋಗುವುದಾಗಿ ನ್ಯಾಕ್ 2024ರ ಜನವರಿಯಲ್ಲಿ ಪ್ರಕಟಿಸಿತು. ಮುಂದಕ್ಕೆ ಹೋಗಬಯಸುವ ಸಂಸ್ಥೆಗಳಿಗೆ ಒಂದರಿಂದ ಐದರವರೆಗೆ ಹಂತಗಳಿರುತ್ತವೆ. ಇದರಿಂದ ಗ್ರೇಡ್‌ಗಾಗಿ ನಡೆಯುವ ಪೈಪೋಟಿ ತಗ್ಗಬಹುದು. ಆದರೆ ಪೋಷಕರಿಗೆ ಮೇಲ್ನೋಟಕ್ಕೆ ಸಿಗುತ್ತಿದ್ದ ಸುಳಿವೂ ಕಡಿಮೆಯಾಗುತ್ತದೆ. ಕೋರ್ಸ್‌ನ ಒಳಗಿನ ಸಂಗತಿಯನ್ನು ತಾವೇ ವಿಚಾರಿಸುವುದು ಇನ್ನಷ್ಟು ಅನಿವಾರ್ಯವಾಗಲಿದೆ.

ಪ್ರವೇಶಕ್ಕೆ ಮೊದಲು ಏನು ಕೇಳಬೇಕು?

* ನೀವು ಸೇರಲಿರುವ ಸ್ನಾತಕೋತ್ತರ ಕೋರ್ಸ್‌ಗೇ ಎನ್‌ಬಿಎ ಮಾನ್ಯತೆ ಇದೆಯೇ, ಯಾವ ವರ್ಷದವರೆಗೆ? ಎನ್‌ಬಿಎ ವೆಬ್‌ಸೈಟ್‌ನಲ್ಲಿ ಕೋರ್ಸ್‌ವಾರು ಪಟ್ಟಿ ಸಿಗುತ್ತದೆ.
* ಕಾಲೇಜಿನ ನ್ಯಾಕ್ ವರದಿಯಲ್ಲಿ ಎರಡನೇ ಮಾನದಂಡಕ್ಕೆ ಸಿಕ್ಕ ಅಂಕ ಎಷ್ಟು? ಒಟ್ಟು ಗ್ರೇಡ್‌ಗಿಂತ ಇದು ನಿಮಗೆ ಹೆಚ್ಚು ಉಪಯುಕ್ತ.
* ಅಧ್ಯಯನ ಮಂಡಳಿಯ ಹೊರಗಿನ ಸದಸ್ಯರು ಯಾರು? ಕೊನೆಯ ಸಭೆಯ ನಡಾವಳಿ ವೆಬ್‌ಸೈಟ್‌ನಲ್ಲಿದೆಯೇ?
* ಸೆಮಿಸ್ಟರ್ ಅಂಕದಲ್ಲಿ ಆಂತರಿಕ ಮೌಲ್ಯಮಾಪನದ ಪಾಲು ಎಷ್ಟು? ತಿದ್ದಿದ ಉತ್ತರ ಪತ್ರಿಕೆಯನ್ನು ವಿದ್ಯಾರ್ಥಿಗೆ ತೋರಿಸುತ್ತಾರೆಯೇ?
* ವೈವಾಗೆ ಬಂದ ಹೊರಗಿನ ಪರೀಕ್ಷಕರು ಯಾವ ಸಂಸ್ಥೆಯವರು? ಹಿಂದಿನ ಬ್ಯಾಚ್‌ನ ಪ್ರಬಂಧಗಳು ಗ್ರಂಥಾಲಯದಲ್ಲಿ ನೋಡಲು ಸಿಗುತ್ತವೆಯೇ?
* ಈಗ ಎರಡನೇ ವರ್ಷದಲ್ಲಿರುವ ಇಬ್ಬರು ಮೂವರು ವಿದ್ಯಾರ್ಥಿಗಳ ಜೊತೆ ಮಾತನಾಡಿ. ಮಾರ್ಗದರ್ಶಕರು ವಾರಕ್ಕೊಮ್ಮೆಯಾದರೂ ಸಿಗುತ್ತಾರೆಯೇ ಎಂದು ಕೇಳಿ.

ಬಿಬವೇವಾಡಿಯಾಗಲಿ, ಬೆಳಗಾವಿಯಾಗಲಿ, ಬೆಂಗಳೂರಾಗಲಿ, ಈ ಪ್ರಶ್ನೆಗಳಿಗೆ ಅಳುಕಿಲ್ಲದೆ ಉತ್ತರ ಕೊಡುವ ವಿಭಾಗದ ಅಂಕಪಟ್ಟಿಗೆ ಹೊರಗೂ ಬೆಲೆ ಇರುತ್ತದೆ. ಎರಡು ವರ್ಷದ ಓದು, ಶುಲ್ಕ, ಬೇರೆ ಊರಿನ ಬಾಡಿಗೆ ಎಲ್ಲವನ್ನೂ ಹಾಕಿದ ಮೇಲೆ ಉಳಿಯುವುದು ಆ ಅಂಕಪಟ್ಟಿ ಮತ್ತು ನಿಜವಾಗಿ ಕಲಿತ ವಿದ್ಯೆ. ಎರಡೂ ಒಂದನ್ನೊಂದು ಹೋಲುತ್ತವೆಯೇ ಎಂದು ನೋಡುವುದಕ್ಕೇ ಹೊರಗಿನವರ ಪರಿಶೀಲನೆ ಇರುವುದು.