ಬಾಷ್ಪೀಕರಣ ಸುರುಳಿಯ ಜೋಡಣೆ: ವರ್ತಕರು ಅರಿತಿರಬೇಕಾದ ಸಂಗತಿಗಳು

ಹವಾನಿಯಂತ್ರಣ ಯಂತ್ರವನ್ನು ಕೊಳ್ಳಲು ಬರುವವರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ: ಎಷ್ಟು ಟನ್, ಎಷ್ಟು ನಕ್ಷತ್ರ, ಎಷ್ಟು ಬೆಲೆ. ಮಾರುವವರೂ ಈ ಮೂರಕ್ಕೇ ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿರುತ್ತಾರೆ. ಯಂತ್ರವನ್ನು ಜೋಡಿಸುವವರು ಯಾರು, ಯಾವ ಕ್ರಮದಲ್ಲಿ ಜೋಡಿಸುತ್ತಾರೆ, ಕೆಲಸ ಸರಿಯಾಗಿದೆ ಎಂಬುದಕ್ಕೆ ಯಾವ ಅಳತೆಯನ್ನು ತೋರಿಸುತ್ತಾರೆ ಎಂಬ ನಾಲ್ಕನೆಯ ಪ್ರಶ್ನೆ ಮಾತುಕತೆಯಲ್ಲಿ ಬರುವುದು ವಿರಳ. ಆದರೆ ಸ್ಪ್ಲಿಟ್ ಮಾದರಿಯ ಯಂತ್ರವು ಕಾರ್ಖಾನೆಯಿಂದ ಹೊರಬೀಳುವಾಗ ಪೂರ್ಣಗೊಂಡ ಸರಕಲ್ಲ. ಒಳಘಟಕ ಒಂದು ಪೆಟ್ಟಿಗೆಯಲ್ಲಿ, ಹೊರಘಟಕ ಇನ್ನೊಂದು ಪೆಟ್ಟಿಗೆಯಲ್ಲಿ, ಅವೆರಡನ್ನೂ ಕೂಡಿಸುವ ತಾಮ್ರದ ಕೊಳವೆ ಮತ್ತೊಂದು ಸುತ್ತಿನಲ್ಲಿ ಬರುತ್ತವೆ. ಇವು ಮೂರೂ ಸೇರಿ ಒಂದು ಯಂತ್ರವಾಗುವುದು ಗ್ರಾಹಕನ ಗೋಡೆಯ ಮೇಲೆ. ಕಾರ್ಖಾನೆಯಲ್ಲಿ ಪ್ರತಿಯೊಂದು ಬೆಸುಗೆಗೂ ಪರೀಕ್ಷೆಯುಂಟು. ಗೋಡೆಯ ಮೇಲಿನ ಕೆಲಸಕ್ಕೆ ಬಹುಮಟ್ಟಿಗೆ ಯಾವ ಪರೀಕ್ಷೆಯೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಈ ಯಂತ್ರಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಬೆಲೆ ಇಳಿದಾಗ ಮಾರಾಟ ಹೆಚ್ಚುವುದು ಸಹಜ. ಆದರೆ ನುರಿತ ಜೋಡಣೆಗಾರರ ಸಂಖ್ಯೆ ತೆರಿಗೆ ಇಳಿದೊಡನೆ ಹೆಚ್ಚುವುದಿಲ್ಲ.

ಒಳಘಟಕದ ಹೃದಯವೆಂದರೆ ಬಾಷ್ಪೀಕರಣ ಸುರುಳಿ. ಪೇಟೆಯ ಮಾತಿನಲ್ಲಿ ಇದು ಕೇವಲ ‘ಕಾಯಿಲ್’. ಸಣ್ಣ ತಾಮ್ರದ ಕೊಳವೆಗಳನ್ನು ಮಡಿಸಿ, ಅವುಗಳ ಮೇಲೆ ತೆಳುವಾದ ಅಲ್ಯೂಮಿನಿಯಂ ಫಿನ್‌ಗಳನ್ನು ಒತ್ತೊತ್ತಾಗಿ ಕೂರಿಸಿ ಇದನ್ನು ತಯಾರಿಸಲಾಗುತ್ತದೆ. ದ್ರವರೂಪದ ಶೀತಕವು ವಿಸ್ತರಣ ಕವಾಟದ ಮೂಲಕ ಈ ಕೊಳವೆಗಳಿಗೆ ನುಗ್ಗಿದಾಗ ಒತ್ತಡ ತಗ್ಗಿ, ಸುಮಾರು 5ರಿಂದ 10 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯತೊಡಗುತ್ತದೆ. ಕುದಿಯಲು ಬೇಕಾದ ಶಾಖವನ್ನು ಅದು ಕೋಣೆಯ ಗಾಳಿಯಿಂದ ಹೀರುತ್ತದೆ. ಒಂದು ಟನ್ ಎಂದರೆ ಒಂದು ಅಮೆರಿಕನ್ ಟನ್, ಅಂದರೆ ಸುಮಾರು 907 ಕಿಲೋಗ್ರಾಂ ಮಂಜುಗಡ್ಡೆಯು 24 ಗಂಟೆಗಳಲ್ಲಿ ಕರಗುವಾಗ ಹೀರುವಷ್ಟು ಶಾಖ. ಇಂದಿನ ಮಾಪನದಲ್ಲಿ ಸುಮಾರು 3.5 ಕಿಲೋವಾಟ್. ಮಂಜುಗಡ್ಡೆಯ ವ್ಯಾಪಾರ ಮುಗಿದು ಎಷ್ಟೋ ಕಾಲವಾದರೂ ಅದರ ಅಳತೆ ನಮ್ಮ ಬಿಲ್ಲುಗಳಲ್ಲಿ ಉಳಿದುಕೊಂಡಿದೆ.

ಸುರುಳಿ ಎಲ್ಲಿರಬೇಕು

ಅಮೆರಿಕ, ಕೆನಡಾ ಮುಂತಾದ ಶೀತ ದೇಶಗಳಲ್ಲಿ ಮನೆಗೆಲ್ಲ ಬಿಸಿಗಾಳಿ ಒದಗಿಸುವ ಅನಿಲದ ಕುಲುಮೆಯೊಂದು ನೆಲಮಾಳಿಗೆಯಲ್ಲಿ ಇರುತ್ತದೆ. ಅಲ್ಲಿ ತಂಪು ಬೇಕಾದವರು ಅದೇ ಕುಲುಮೆಯ ಮೇಲ್ಗಡೆ, ಗಾಳಿ ಹೊರಡುವ ನಾಳದಲ್ಲಿ, ಪೆಟ್ಟಿಗೆಯೊಳಗಿನ ಸುರುಳಿಯನ್ನು ಕೂರಿಸುತ್ತಾರೆ. ಚಳಿಗಾಲದಲ್ಲಿ ಬಿಸಿಗಾಳಿಯೂ ಬೇಸಗೆಯಲ್ಲಿ ತಣ್ಣನೆಯ ಗಾಳಿಯೂ ಒಂದೇ ಫ್ಯಾನಿನಿಂದ, ಒಂದೇ ನಾಳದಲ್ಲಿ ಸಾಗುತ್ತವೆ. ಸುರುಳಿಯನ್ನು ಕುಲುಮೆಗೆ ಮುಂಚಿತವಾಗಿ ಇಟ್ಟರೆ ತಣ್ಣನೆಯ ಗಾಳಿ ಕುಲುಮೆಯ ಲೋಹದ ಮೇಲೆ ಹಾಯ್ದು, ಅಲ್ಲಿ ನೀರು ಕಟ್ಟಿ ತುಕ್ಕು ಹಿಡಿಯುತ್ತದೆ. ಆದ್ದರಿಂದಲೇ ಅದು ಕುಲುಮೆಯ ನಂತರ ಇರಬೇಕೆಂಬ ನಿಯಮ.

ನಮ್ಮಲ್ಲಿ ಕುಲುಮೆಯ ಅಗತ್ಯವಿಲ್ಲ. ಬಿಸಿ ಮತ್ತು ತಂಪು ಎರಡನ್ನೂ ಕೊಡುವ ಯಂತ್ರಗಳಲ್ಲಿ ಶೀತಕದ ಹರಿವನ್ನೇ ತಿರುಗುಮುರುಗು ಮಾಡಲಾಗುತ್ತದೆ. ಬೇಸಗೆಯಲ್ಲಿ ಶಾಖ ಹೀರಿದ ಸುರುಳಿಯೇ ಚಳಿಗಾಲದಲ್ಲಿ ಶಾಖವನ್ನು ಬಿಡುತ್ತದೆ. ಕರ್ನಾಟಕದ ಬಹುತೇಕ ಮನೆ, ಅಂಗಡಿ, ಕಚೇರಿಗಳಲ್ಲಿ ಕಾಣುವುದು ಗೋಡೆಗೆ ತೂಗುಹಾಕುವ ಘಟಕ. ಸ್ವಲ್ಪ ದೊಡ್ಡ ಮಳಿಗೆಗಳಲ್ಲಿ ಸುಳ್ಳು ಛಾವಣಿಯ ಮೇಲೆ ಅಡಗಿಸಿದ, ಗಾಳಿ ನಾಳ ಸಹಿತವಾದ ಘಟಕ. ಈ ಎರಡನೆಯ ಬಗೆಯಲ್ಲಿಯೇ ತಪ್ಪುಗಳು ಹೆಚ್ಚು. ಒಂದು ಟನ್ನಿಗೆ ಗಂಟೆಗೆ ಸುಮಾರು 680 ಘನ ಮೀಟರ್ ಗಾಳಿ ಸುರುಳಿಯ ಮೇಲೆ ಹಾಯಬೇಕು ಎಂಬುದು ಸಾಮಾನ್ಯ ಲೆಕ್ಕ. ನಾಳ ಕಿರಿದಾಗಿದ್ದರೆ, ಸೋಸುಜಾಲರಿಯಲ್ಲಿ ಧೂಳು ತುಂಬಿದ್ದರೆ ಈ ಪ್ರಮಾಣ ಕುಗ್ಗಿ ಸುರುಳಿಯ ಮೇಲೆ ಮಂಜು ಕಟ್ಟುತ್ತದೆ. ಆವಿಯಾಗದ ಶೀತಕವು ದ್ರವವಾಗಿಯೇ ಹಿಂದಿರುಗಿ ಕಂಪ್ರೆಸರನ್ನು ಕೆಡಿಸುತ್ತದೆ. ಒಳಾಂಗಣ ಅಲಂಕಾರದವರು ಸೌಂದರ್ಯದ ದೃಷ್ಟಿಯಿಂದ ಛಾವಣಿಯನ್ನು ಸಂಪೂರ್ಣ ಮುಚ್ಚಿಬಿಡುವುದುಂಟು. ಸುರುಳಿಯನ್ನು ತೊಳೆಯಲು, ತಟ್ಟೆಯನ್ನು ಹೊರಗೆಳೆಯಲು ಕೈ ಹೋಗುವ ಬಾಗಿಲು ಇಲ್ಲದಿದ್ದರೆ ಮೊದಲ ದುರಸ್ತಿಗೇ ಆ ಅಲಂಕಾರವನ್ನು ಒಡೆಯಬೇಕಾಗುತ್ತದೆ.

ನೀರಿನ ಲೆಕ್ಕ

ಗ್ರಾಹಕರ ದೂರುಗಳಲ್ಲಿ ತಂಪು ಸಾಲದೆಂಬುದಕ್ಕಿಂತ ನೀರು ಸೋರುತ್ತದೆಂಬುದು ಬೇಗ ಬರುತ್ತದೆ. ಸುರುಳಿಯು ಗಾಳಿಯನ್ನು ತಣಿಸುವಾಗ ಅದರ ತೇವವನ್ನೂ ನೀರಾಗಿಸುತ್ತದೆ. ಒಂದೂವರೆ ಟನ್ ಯಂತ್ರದ ಸಾಮರ್ಥ್ಯದಲ್ಲಿ ಕಾಲು ಪಾಲು ತೇವ ತೆಗೆಯುವುದಕ್ಕೇ ವಿನಿಯೋಗವಾಗುತ್ತದೆ ಎಂದು ಹಿಡಿದರೆ ಗಂಟೆಗೆ ಸುಮಾರು 2 ಲೀಟರ್ ನೀರು ಇಳಿಯುತ್ತದೆ. ಮಂಗಳೂರು, ಕಾರವಾರಗಳಂತಹ ಕರಾವಳಿಯ ಊರಿನಲ್ಲಿ ಅಂಗಡಿ ತೆರೆದಿರುವ 8 ಗಂಟೆಗಳಲ್ಲಿ ಒಂದು ಬಕೆಟ್ಟಿಗೂ ಮಿಕ್ಕಿದ ನೀರು! ಅದು ಬಟ್ಟೆಯ ದಾಸ್ತಾನಿನ ಮೇಲೋ ಲೆಕ್ಕದ ಪುಸ್ತಕಗಳ ಮೇಲೋ ಇಳಿದರೆ ಆಗುವ ನಷ್ಟ ಯಂತ್ರದ ಬೆಲೆಗಿಂತ ದೊಡ್ಡದಾಗಬಹುದು.

ಪರಿಹಾರವೇನೂ ಕಷ್ಟದ್ದಲ್ಲ. ನೀರು ಹೋಗುವ ಕೊಳವೆಗೆ ಪ್ರತಿ ಮೀಟರಿಗೆ ಕನಿಷ್ಠ 1 ಸೆಂಟಿಮೀಟರಿನಷ್ಟು ಇಳಿಜಾರು ಇರಬೇಕು. ನಡುವೆ ಎಲ್ಲಿಯೂ ಕೊಳವೆ ಜೋತುಬೀಳಬಾರದು. ಛಾವಣಿಯ ಘಟಕಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಫ್ಯಾನು ಸುರುಳಿಯ ಮೂಲಕ ಗಾಳಿಯನ್ನು ಎಳೆದುಕೊಳ್ಳುವ ಮಾದರಿಯಾಗಿದ್ದರೆ ತಟ್ಟೆಯ ಭಾಗದಲ್ಲಿ ಹೊರಗಿನದಕ್ಕಿಂತ ಕಡಿಮೆ ಒತ್ತಡವಿರುತ್ತದೆ. ಆಗ ಕೊಳವೆಯು ಗಾಳಿಯನ್ನು ಒಳಕ್ಕೆ ಹೀರುತ್ತದೆಯೇ ಹೊರತು ನೀರನ್ನು ಹೊರಬಿಡುವುದಿಲ್ಲ. ನೀರು ಸದಾ ನಿಂತಿರುವಂತೆ ಕೊಳವೆಯನ್ನು ಬಾಗಿಸಿದ ‘ಟ್ರ್ಯಾಪ್’ ಇಲ್ಲಿ ಅತ್ಯಗತ್ಯ. ಮೂವತ್ತು ರೂಪಾಯಿಯ ತಿರುವುಗಳನ್ನು ಉಳಿಸಲು ಹೋಗಿ ಛಾವಣಿಯನ್ನು ಕಳೆದುಕೊಂಡ ಮಳಿಗೆಗಳು ಅನೇಕ. ಕೆಲಸ ಮುಗಿದ ಮೇಲೆ ತಟ್ಟೆಗೆ ಒಂದೆರಡು ಲೀಟರ್ ನೀರನ್ನು ಸುರಿದು, ಫ್ಯಾನು ತಿರುಗುತ್ತಿರುವಾಗಲೇ ಅದು ಸಲೀಸಾಗಿ ಹರಿಯುವುದನ್ನು ಗ್ರಾಹಕನೆದುರು ತೋರಿಸುವುದು ಒಳ್ಳೆಯ ಪದ್ಧತಿ.

ಕೊಳವೆ, ಬೆಸುಗೆ, ನಿರ್ವಾತ

ತಾಮ್ರದ ಕೊಳವೆಯನ್ನು ಕತ್ತರಿಸಿದಾಗ ಉಳಿಯುವ ಚೂರು ಅಂಚನ್ನು ಕೆರೆದು ತೆಗೆಯಬೇಕು; ಕೆರೆಯುವಾಗ ತಾಮ್ರದ ಪುಡಿ ಒಳಗೆ ಬೀಳದಂತೆ ಬಾಯಿಯನ್ನು ಕೆಳಮುಖವಾಗಿ ಹಿಡಿಯಬೇಕು. ಫ್ಲೇರ್ ನಟ್ಟುಗಳನ್ನು ಬಿಗಿಯುವುದಕ್ಕೂ ಅಳತೆಯಿದೆ: ಕಾಲು ಅಂಗುಲದ ಕೊಳವೆಗೆ ಸುಮಾರು 16 ನ್ಯೂಟನ್-ಮೀಟರ್, ಅರ್ಧ ಅಂಗುಲದ್ದಕ್ಕೆ ಸುಮಾರು 55. ಕೈಯ ಅಂದಾಜಿನ ಮೇಲೆ ಬಿಗಿದರೆ ಒಂದೋ ಸೋರಿಕೆ, ಇಲ್ಲವೇ ತಾಮ್ರದ ಅಂಚು ಹಿಸುಕಿ ಕೆಲವು ತಿಂಗಳ ಬಳಿಕ ಸೀಳು.

ಬೆಸುಗೆ ಹಾಕುವಾಗ ಕೊಳವೆಯೊಳಗೆ ಸಾರಜನಕವನ್ನು ನಿಧಾನವಾಗಿ ಹರಿಸುತ್ತಿರಬೇಕು. ಹಾಗೆ ಮಾಡದಿದ್ದರೆ ಕಾದ ತಾಮ್ರವು ಒಳಗಿನ ಗಾಳಿಯ ಆಮ್ಲಜನಕದೊಡನೆ ಸೇರಿ ಕರಿಯ ಹಕ್ಕಳೆಯಾಗುತ್ತದೆ. ಹೊರಗೆ ಬೆಸುಗೆ ಚೆನ್ನಾಗಿಯೇ ಕಾಣುತ್ತದೆ; ಒಳಗಿನ ಹಕ್ಕಳೆ ಕಳಚಿ ವಿಸ್ತರಣ ಕವಾಟದ ಸೂಕ್ಷ್ಮ ರಂಧ್ರವನ್ನು ಮುಚ್ಚಿದಾಗ ಮಾತ್ರ ತಪ್ಪು ಬಯಲಾಗುತ್ತದೆ.

ಬಳಿಕ ಒತ್ತಡದ ಪರೀಕ್ಷೆ. ತಯಾರಕರು ಸೂಚಿಸಿದ ಒತ್ತಡಕ್ಕೆ ಒಣ ಸಾರಜನಕವನ್ನು ತುಂಬಿ ಸೋಪಿನ ನೊರೆಯಿಂದ ಪ್ರತಿ ಕೀಲನ್ನೂ ನೋಡಬೇಕು; ಸಾಧ್ಯವಾದರೆ ರಾತ್ರಿಯಿಡೀ ಬಿಡಬೇಕು. ಮಧ್ಯಾಹ್ನ 35 ಡಿಗ್ರಿಯಲ್ಲಿ 28 ಬಾರ್ ಇದ್ದ ಒತ್ತಡ ಬೆಳಗಿನ ಜಾವ 25 ಡಿಗ್ರಿಯಲ್ಲಿ ಸುಮಾರು 27 ಬಾರ್‌ಗೆ ಇಳಿದಿದ್ದರೆ ಗಾಬರಿಪಡಬೇಕಾಗಿಲ್ಲ, ಅದು ತಂಪಾದ ಅನಿಲದ ಸ್ವಭಾವ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಸೋರಿಕೆ. ಸಾರಜನಕದ ಸಿಲಿಂಡರ್ ಕೈಗೆ ಸಿಗಲಿಲ್ಲವೆಂದು ಬೆಸುಗೆಯ ಆಮ್ಲಜನಕವನ್ನೇ ತುಂಬುವ ಅಭ್ಯಾಸ ಪ್ರಾಣಾಪಾಯಕಾರಿ. ಒತ್ತಡದಲ್ಲಿರುವ ಆಮ್ಲಜನಕವು ಕಂಪ್ರೆಸರಿನ ಎಣ್ಣೆಯೊಡನೆ ಸೇರಿದರೆ ಯಂತ್ರವೇ ಸ್ಫೋಟಗೊಳ್ಳಬಲ್ಲದು. ಗುತ್ತಿಗೆಗೆ ಕೆಲಸ ಕೊಡುವ ಮಾರಾಟಗಾರರು ಈ ಒಂದು ವಿಷಯದಲ್ಲಿ ಯಾವ ರಿಯಾಯಿತಿಯನ್ನೂ ತೋರಬಾರದು.

ಕೊನೆಯದೂ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದದ್ದೂ ನಿರ್ವಾತಗೊಳಿಸುವ ಕೆಲಸ. ಸುರುಳಿ ಮತ್ತು ಕೊಳವೆಗಳಲ್ಲಿರುವ ಗಾಳಿಯನ್ನೂ ತೇವವನ್ನೂ ಪಂಪಿನಿಂದ ಹೀರಿ ತೆಗೆಯಬೇಕು. ಇದರ ಬದಲು ಹೊರಘಟಕದ ಗ್ಯಾಸನ್ನೇ ಸ್ವಲ್ಪ ಬಿಟ್ಟು, ಅದು ಗಾಳಿಯನ್ನು ದೂಡಿಕೊಂಡು ಹೋಗಲಿ ಎಂದು ಒಂದೆರಡು ನಿಮಿಷದಲ್ಲಿ ಕೆಲಸ ಮುಗಿಸುವವರು ಬಹಳ. ಯಂತ್ರ ಆಗಲೂ ಓಡುತ್ತದೆ, ಗ್ರಾಹಕ ಸಹಿ ಹಾಕುತ್ತಾನೆ. ಆದರೆ ಒಳಗುಳಿದ ಗಾಳಿಯು ಒತ್ತಡವನ್ನು ಹೆಚ್ಚಿಸಿ ವಿದ್ಯುತ್ತನ್ನು ತಿನ್ನುತ್ತದೆ. ಒಳಗುಳಿದ ತೇವವು ಎಣ್ಣೆಯೊಡನೆ ಸೇರಿ ಆಮ್ಲವಾಗುತ್ತದೆ. ಆರ್-22 ಯಂತ್ರಗಳ ಖನಿಜ ತೈಲ ಇದನ್ನು ಅಷ್ಟಿಷ್ಟು ಸಹಿಸುತ್ತಿತ್ತು. ಆರ್-410ಎ ಮತ್ತು ಆರ್-32 ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಸಂಶ್ಲೇಷಿತ ತೈಲವು ತೇವವನ್ನು ತಾನಾಗಿಯೇ ಹೀರುವಂಥದು; ಹಳೆಯ ಕೈಚಳಕ ಇಲ್ಲಿ ನಡೆಯುವುದಿಲ್ಲ.

ನಿರ್ವಾತದ ಗುರಿ 500 ಮೈಕ್ರಾನ್. ನಮ್ಮ ಸುತ್ತಲಿನ ವಾತಾವರಣದ ಒತ್ತಡ ಸಮುದ್ರಮಟ್ಟದಲ್ಲಿ 7,60,000 ಮೈಕ್ರಾನ್ ಎಂಬುದನ್ನು ನೆನೆದರೆ ಈ ಅಂಕಿಯ ಸೂಕ್ಷ್ಮತೆ ಅರ್ಥವಾಗುತ್ತದೆ. ಕೆಲಸಗಾರರ ಬಳಿ ಸಾಮಾನ್ಯವಾಗಿರುವ ಮುಳ್ಳಿನ ಮಾಪಕಕ್ಕೆ 500ಕ್ಕೂ 5,000ಕ್ಕೂ ವ್ಯತ್ಯಾಸ ತಿಳಿಯದು. ಅದಕ್ಕೆ ಪ್ರತ್ಯೇಕ ಡಿಜಿಟಲ್ ಮಾಪಕವೇ ಬೇಕು. ಗುರಿ ಮುಟ್ಟಿದ ಮೇಲೆ ಪಂಪನ್ನು ಬೇರ್ಪಡಿಸಿ ಹತ್ತು ನಿಮಿಷ ಕಾದು ನೋಡಬೇಕು. ಅಂಕಿ ಸ್ವಲ್ಪ ಏರಿ ಒಂದೆಡೆ ನಿಂತರೆ ತೇವ ಉಳಿದಿದೆ ಎಂದರ್ಥ. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆಯಿದೆ. ಇಷ್ಟು ಸರಳವಾಗಿ, ಇಷ್ಟು ನಿಷ್ಠುರವಾಗಿ ಕೆಲಸದ ಗುಣವನ್ನು ಹೇಳುವ ಇನ್ನೊಂದು ಪರೀಕ್ಷೆ ಈ ವೃತ್ತಿಯಲ್ಲಿ ಇಲ್ಲ.

ಹಳೆಯ ಯಂತ್ರಕ್ಕೆ ಹೊಸ ಸುರುಳಿ

ಒಳಘಟಕದ ಸುರುಳಿ ಸೋರಿದಾಗ ಸಿಕ್ಕಿದ್ದೊಂದನ್ನು ಹಾಕಿಬಿಡುವುದು ಲಾಭದಾಯಕವೆಂದು ತೋರಬಹುದು. ಆದರೆ ನಕ್ಷತ್ರ ಪಟ್ಟಿಯಲ್ಲಿ ನಮೂದಿಸಿದ ದಕ್ಷತೆಯು ಒಳ-ಹೊರ ಘಟಕಗಳ ಜೋಡಿಗೆ ಸಂಬಂಧಿಸಿದ್ದು. ಜೋಡಿ ತಪ್ಪಿದರೆ ಆ ಅಂಕಿಗೆ ಬೆಲೆಯಿಲ್ಲ. ಶೀತಕವೂ ಹೊಂದಬೇಕು. ಆರ್-410ಎ ಒತ್ತಡವು ಆರ್-22ರ ಒತ್ತಡದ ಸುಮಾರು 1.6 ಪಟ್ಟು, ಆರ್-32ರದು ಇನ್ನೂ ತುಸು ಹೆಚ್ಚು. ಆದ್ದರಿಂದ ಹಳೆಯ ಸುರುಳಿ, ಹಳೆಯ ತೆಳು ಕೊಳವೆಗಳನ್ನು ಹೊಸ ಹೊರಘಟಕಕ್ಕೆ ಕೂಡಿಸುವಂತಿಲ್ಲ. ಆರ್-22ರ ಗುಂಪಿನ ಶೀತಕಗಳನ್ನು ಹೊಸ ಯಂತ್ರಗಳ ತಯಾರಿಕೆಯಲ್ಲಿ ಬಳಸುವುದು ದೇಶದಲ್ಲಿ 2024ರ ಅಂತ್ಯಕ್ಕೆ ನಿಂತಿದೆ. 2030ರ ಬಳಿಕ ದುರಸ್ತಿಗೂ ಅತ್ಯಲ್ಪ ಪ್ರಮಾಣ ಮಾತ್ರ ದೊರೆಯಲಿದೆ. ಹಳೆಯ ಯಂತ್ರಕ್ಕೆ ದುಬಾರಿ ಸುರುಳಿ ಹಾಕಿಸುವ ಮುನ್ನ ಗ್ರಾಹಕನಿಗೆ ಇದನ್ನು ತಿಳಿಸುವುದು ಮಾರಾಟಗಾರನ ಕರ್ತವ್ಯ.

ಆರ್-32 ಮಂದವಾಗಿಯಾದರೂ ಉರಿಯುವ ಅನಿಲ; ಆರ್-290 ಎಂಬುದು ಪ್ರೊಪೇನ್, ಅಡುಗೆ ಅನಿಲದ ಹತ್ತಿರದ ಬಂಧು. ಸೋರಿಕೆಯನ್ನು ಜ್ವಾಲೆಯಿಂದ ಹುಡುಕುವುದು, ಗ್ಯಾಸು ಇರುವಾಗಲೇ ಬೆಸುಗೆ ಬಿಚ್ಚುವುದು ಇನ್ನು ಮುಂದೆ ಸಲ್ಲದು.

ಸುರುಳಿ ಏಕೆ ಸೋರಿತು ಎಂಬುದನ್ನೂ ವಿಚಾರಿಸಬೇಕು. ಬಣ್ಣ, ಅಂಟು, ವಿನೆಗರ್, ಶುದ್ಧೀಕರಣ ದ್ರಾವಣಗಳಿಂದ ಏಳುವ ಸಾವಯವ ಆಮ್ಲಗಳು ತೇವದೊಡನೆ ಸೇರಿ ತಾಮ್ರದೊಳಗೆ ಇರುವೆಗೂಡಿನಂತಹ ಸೂಕ್ಷ್ಮ ಬಿಲಗಳನ್ನು ಕೊರೆಯುತ್ತವೆ. ಪೀಠೋಪಕರಣ ತಯಾರಿಸುವ ಘಟಕದ ಕಚೇರಿ, ಉಪ್ಪಿನಕಾಯಿ ಕಾರ್ಖಾನೆ, ತೆರೆದ ಚರಂಡಿಯ ಪಕ್ಕದ ಮಳಿಗೆ: ಇಂತಹ ಕಡೆಗಳಲ್ಲಿ ಲೇಪನವಿರುವ ಸುರುಳಿಯನ್ನು ಆಯ್ದುಕೊಳ್ಳುವುದು ಲೇಸು. ಬಿಡಿಭಾಗವಾಗಿ ಸುರುಳಿಗಳನ್ನು ತಯಾರಿಸುವ ಸಣ್ಣ ಉದ್ಯಮಿಗಳು, 2019ರ ಕೇಂದ್ರ ಸರ್ಕಾರದ ಗುಣಮಟ್ಟ ನಿಯಂತ್ರಣ ಆದೇಶವು ಫಿನ್ ಮಾದರಿಯ ಶಾಖ ವಿನಿಮಯಕಗಳನ್ನೂ ಒಳಗೊಂಡಿದೆ, ಅವುಗಳಿಗೆ ಅನ್ವಯಿಸುವ ಮಾನದಂಡ ಐಎಸ್ 11329 ಎಂಬುದನ್ನು ಗಮನದಲ್ಲಿಡಬೇಕು.

ಒಪ್ಪಂದದಲ್ಲಿ ಏನಿರಬೇಕು

ತೊಂದರೆಯ ಮೂಲ ಕೆಲಸಗಾರನ ಅಜ್ಞಾನದಲ್ಲಿರುವುದಕ್ಕಿಂತ ಆತನಿಗೆ ಹಣ ಸಲ್ಲುವ ರೀತಿಯಲ್ಲಿದೆ. ಯಂತ್ರವೊಂದಕ್ಕೆ ಇಷ್ಟೆಂದು ಗೊತ್ತುಪಡಿಸಿದಾಗ, ದಿನಕ್ಕೆ ಎರಡರ ಬದಲು ಐದು ಯಂತ್ರ ಕೂರಿಸುವವನಿಗೇ ಲಾಭ. ನಿರ್ವಾತಕ್ಕೆ ಬೇಕಾದ ಅರ್ಧ ಗಂಟೆ ಆತನ ದುಡಿಮೆಯಿಂದ ಕಳೆಯುತ್ತದೆ. ‘ಉಚಿತ ಜೋಡಣೆ’ ಎಂದು ಜಾಹೀರಾತು ಮಾಡುವ ಮಳಿಗೆಯು ಆ ಅರ್ಧ ಗಂಟೆಯನ್ನೇ ಉಚಿತವಾಗಿ ಕೊಡುತ್ತಿರುವುದು. ಸೋರಿಕೆ ಜೋಡಣೆಯ ದೋಷವೆಂದು ಕಂಡುಬಂದರೆ ತಯಾರಕರು ಖಾತರಿಯನ್ನು ನಿರಾಕರಿಸಬಹುದು. ಆಗ ಗ್ರಾಹಕ ಬಂದು ನಿಲ್ಲುವುದು ಮಾರಿದ ಅಂಗಡಿಯ ಮುಂದೆ.

ನಷ್ಟವನ್ನು ಅಂದಾಜಿಸುವುದು ಕಷ್ಟವಲ್ಲ. ಗಂಟೆಗೆ ಒಂದೂವರೆ ಯೂನಿಟ್ ಬಳಸುವ ಯಂತ್ರ ದಿನಕ್ಕೆ 10 ಗಂಟೆಯಂತೆ 300 ದಿನ ನಡೆದರೆ 4,500 ಯೂನಿಟ್. ಕಳಪೆ ಜೋಡಣೆಯಿಂದ ಶೇಕಡಾ 10ರಷ್ಟು ಮಾತ್ರ ಹೆಚ್ಚು ಖರ್ಚಾಯಿತೆಂದು ಭಾವಿಸಿ, ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ವರ್ಷಕ್ಕೆ 3,600 ರೂಪಾಯಿ. ಸೋರಿಕೆಯ ಜಾಗ ಹುಡುಕದೆ ಪ್ರತಿ ಬೇಸಗೆಗೆ ಗ್ಯಾಸು ತುಂಬಿಸುವ ವೆಚ್ಚ ಇದರ ಮೇಲೆ.

ಆದ್ದರಿಂದ ಖರೀದಿಯ ಆದೇಶದಲ್ಲಿಯೇ ಜೋಡಣೆಯ ಶುಲ್ಕವನ್ನು ಪ್ರತ್ಯೇಕವಾಗಿ ತೋರಿಸಿ, ನಾಲ್ಕು ಅಂಕಿಗಳನ್ನು ಬರೆದುಕೊಟ್ಟ ನಂತರವೇ ಅದನ್ನು ಪಾವತಿಸುವುದೆಂದು ನಿಗದಿಪಡಿಸುವುದು ಉಚಿತ: ಒತ್ತಡ ಪರೀಕ್ಷೆಯ ಆರಂಭದ ಮತ್ತು ಅಂತ್ಯದ ಒತ್ತಡ, ನಿರ್ವಾತದ ಮೈಕ್ರಾನ್, ಹೆಚ್ಚುವರಿಯಾಗಿ ತುಂಬಿದ ಶೀತಕದ ತೂಕ, ಮತ್ತು ಯಂತ್ರ ಹದಿನೈದು ನಿಮಿಷ ಪೂರ್ಣ ವೇಗದಲ್ಲಿ ಓಡಿದ ಮೇಲೆ ಒಳಹೋಗುವ ಹಾಗೂ ಹೊರಬರುವ ಗಾಳಿಯ ಉಷ್ಣತೆಯ ಅಂತರ. ಕೊನೆಯದು ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಸೆಲ್ಸಿಯಸ್ ಇರುತ್ತದೆ; ತೇವ ಹೆಚ್ಚಿರುವ ಕರಾವಳಿಯಲ್ಲಿ ತುಸು ಕಡಿಮೆ ಬಂದರೆ ಅದನ್ನೇ ದೋಷವೆಂದು ಎಣಿಸಬಾರದು. ಈ ಚೀಟಿಯ ಒಂದು ಪ್ರತಿ ಬಿಲ್ಲಿನೊಡನೆ ಕಡತದಲ್ಲಿರಲಿ, ಇನ್ನೊಂದನ್ನು ಒಳಘಟಕದ ಮುಚ್ಚಳದ ಹಿಂಬದಿಗೆ ಅಂಟಿಸಿರಲಿ. ಮುಂದೆ ದುರಸ್ತಿಗೆ ಬರುವವನು ಮೊದಲು ತೆಗೆಯುವುದು ಆ ಮುಚ್ಚಳವನ್ನೇ.